ಗಲ್ಲಾದ ಮುಂದೆ ಕನ್ನಡ, ಪುಟದಲ್ಲಿ ಇಲ್ಲ

ಕೊಲ್ಲಾಪುರ, ಚಪ್ಪಲ್ ಲೈನ್

ಮಹಾಲಕ್ಷ್ಮಿಯ ದರ್ಶನ ಮುಗಿಸಿದ ಕನ್ನಡದ ಕುಟುಂಬಗಳು ಊರಿಗೆ ಹೊರಡುವ ಮುಂಚೆ ಈ ಓಣಿ ಹೊಕ್ಕು ಬರುತ್ತವೆ. ಬಂದವರ ಎರಡು ಮಾತು ಕಿವಿಗೆ ಬಿದ್ದರೆ ಸಾಕು, ಅಂಗಡಿಯವರು ಮರಾಠಿ ಬಿಟ್ಟು ಕನ್ನಡಕ್ಕೆ ಬರುತ್ತಾರೆ. “ಬರ್ರಿ ಅಕ್ಕಾರ, ಕುಂದರ್ರಿ. ಯಾವೂರ್ರಿ, ಮುಧೋಳ? ಇದು ಅಥಣಿ ಮಾಲ್ ಐತ್ರಿ. ಅಟ್ಟಿ ನೋಡ್ರಿ, ಒಂದ್ ಮೊಳಿ ಇಲ್ಲ.” ಚಪ್ಪಲಿ ಮಗುಚಿ, ಚರ್ಮದ ದಾರದ ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದು ತೋರಿಸುತ್ತಾರೆ. ಎರಡೂ ಕೈಯಲ್ಲಿ ಹಿಡಿದು ಬಗ್ಗಿಸುತ್ತಾರೆ. ಹೊಸದು ಮೊದಮೊದಲು ಕಚ್ಚುತ್ತದೆ, ಎಣ್ಣೆ ಸವರಿ ಮನೆಯೊಳಗೇ ತೊಡಿ, ಮಳೆಯಲ್ಲಿ ಬೇಡ ಎಂದು ಕೇಳದೆಯೇ ಹೇಳುತ್ತಾರೆ. ದರದ ಮಾತು ಆಮೇಲೆ.

ಅಂಥದೊಂದು ಅಂಗಡಿಯ ಬೋರ್ಡಿನ ಮೂಲೆಯಲ್ಲಿ ವೆಬ್‌ಸೈಟಿನ ವಿಳಾಸ ಇತ್ತು. ಅಲ್ಲೇ ನಿಂತು ಫೋನಿನಲ್ಲಿ ತೆರೆದೆ. ಬಲು ಹೊತ್ತು ಬಿಳಿ ಪರದೆ. ಆಮೇಲೆ ಇಂಗ್ಲಿಷಿನಲ್ಲಿ ಒಂದು ಸ್ವಾಗತ, ಕೋಟು ತೊಟ್ಟ ಇಬ್ಬರು ಕೈಕುಲುಕುವ ಚಿತ್ರ, ಗುಣಮಟ್ಟವೇ ನಮ್ಮ ಧ್ಯೇಯ ಎಂಬ ಅರ್ಥದ ಒಂದು ಪ್ಯಾರಾ. ಚಪ್ಪಲಿಯ ಅಟ್ಟೆ ಎಲ್ಲೂ ಇಲ್ಲ. ಅಥಣಿಯ ಹೆಸರಿಲ್ಲ. ಫೋನ್ ನಂಬರ್ ಪುಟದ ತಳದಲ್ಲಿ, ಅದೂ ಚಿತ್ರದೊಳಗೆ. ಬೆರಳಿಟ್ಟರೆ ಕರೆ ಹೋಗುವುದಿಲ್ಲ. ಕನ್ನಡದ ಒಂದು ಅಕ್ಷರವೂ ಇಲ್ಲ.

ಇದೇ ನನಗೆ ಬಿಡಿಸಲಾಗದ ಒಗಟು. ದಿನವಿಡೀ ಇಷ್ಟು ಚೆನ್ನಾಗಿ ಮಾತಾಡಿ ಮಾರುವವರು ಪುಟ ಮಾಡಿಸುವಾಗ ಆ ಮಾತನ್ನೆಲ್ಲ ಎಲ್ಲಿ ಬಿಟ್ಟುಬರುತ್ತಾರೆ?

*

2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದು ಎರಡು ರಾಜ್ಯಗಳಿಗೆ ಜಂಟಿಯಾಗಿ. ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಸರ್ಕಾರದ ಕಾಗದದಲ್ಲೇ ಈ ಚಪ್ಪಲಿ ಎರಡು ಭಾಷೆಯ ನೆಲದ್ದು ಎಂದಾಗಿದೆ. ಪುಟದಲ್ಲಿ ಇದನ್ನು ಎರಡು ಸಾಲಿನಲ್ಲಿ ಹೇಳಿದರೆ ಅದಕ್ಕಿಂತ ದೊಡ್ಡ ಜಾಹೀರಾತು ಯಾವುದಿದೆ?

2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನ್‌ನ ಪ್ರದರ್ಶನದಲ್ಲಿ ಥೇಟ್ ಇಂಥದೇ ಚಪ್ಪಲಿ ತೊಡಿಸಿ ನಡೆಸಿತು, ಕೊಲ್ಲಾಪುರದ ಹೆಸರೆತ್ತದೆ. ಇಲ್ಲಿ ಸಿಟ್ಟು ಎದ್ದ ಮೇಲೆ ಮೂಲವನ್ನು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್, ಕರ್ನಾಟಕದ ಲಿಡ್ಕರ್ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡು, ಎರಡೂ ರಾಜ್ಯಗಳಲ್ಲಿ 2,000 ಜೋಡಿ ಮಾಡಿಸುವುದಾಗಿ ಹೇಳಿತು. ಜೋಡಿಗೆ ಸುಮಾರು 800 ಯೂರೋ. ಸುದ್ದಿ ಕಾವೇರಿದ್ದ ದಿನಗಳಲ್ಲಿ ಕೊಲ್ಲಾಪುರಿ ಎಂದು ಫೋನಿನಲ್ಲಿ ಹುಡುಕಿ ನೋಡಿದೆ. ಮೇಲೆ ಬಂದವೆಲ್ಲ ದೊಡ್ಡ ಆನ್‌ಲೈನ್ ಮಾರುಕಟ್ಟೆಗಳು, ಬೇರೆ ಊರಿನ ಮಾರಾಟಗಾರರು. ಹೊಲಿಯುವವರ ಪುಟಕ್ಕಾಗಿ ಬೆರಳು ನೋಯುವಷ್ಟು ಕೆಳಗಿಳಿಯಬೇಕಾಯಿತು. ಜಗತ್ತು ಹುಡುಕಿಕೊಂಡು ಬಂದಾಗ ಬಾಗಿಲಲ್ಲಿ ನಮ್ಮವರು ಇರಲಿಲ್ಲವಲ್ಲ ಎಂಬ ನೋವು ಇನ್ನೂ ಆರಿಲ್ಲ.

ಚಪ್ಪಲಿ ಮಾರುವವರಿಗೆ ನಾನು ಕೇಳುವುದು ಇಷ್ಟೇ: ಗಿರಾಕಿಯ ಮುಂದೆ ಕೈ ಏನು ಮಾಡುತ್ತದೋ ಅದನ್ನೇ ಪುಟ ಮಾಡಲಿ. ಮಗುಚಿದ ಅಟ್ಟೆಯ ಫೋಟೋ. ಹೊಲಿಗೆ ಕಾಣುವಷ್ಟು ಹತ್ತಿರದ ಇನ್ನೊಂದು. ಕಾಗದದ ಮೇಲೆ ಹೆಜ್ಜೆ ಇಟ್ಟು ಗೆರೆ ಎಳೆದು, ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಎಷ್ಟು ಸೆಂಟಿಮೀಟರ್ ಇದ್ದರೆ ಎಷ್ಟನೇ ನಂಬರ್ ಎಂಬ ಪಟ್ಟಿ. ಆನ್‌ಲೈನಿನಲ್ಲಿ ಪಾದರಕ್ಷೆ ವಾಪಸ್ ಬರುವುದು ಹೆಚ್ಚಾಗಿ ಅಳತೆ ತಪ್ಪಿದಾಗ, ಹೋಗಿಬರುವ ಕೊರಿಯರ್ ಖರ್ಚು ಲಾಭವನ್ನೆಲ್ಲ ನುಂಗುತ್ತದೆ. ಕರಕರ ಸದ್ದು ಮಾಡುವ ಜೋಡಿಯನ್ನು ಸುಮ್ಮನೆ ಫೋಟೋದಲ್ಲಿ ಮಲಗಿಸಿದರೆ ಏನು ತಿಳಿಯುತ್ತದೆ? ಅಂಗಡಿಯ ಹುಡುಗ ತೊಟ್ಟುಕೊಂಡು ಫರ್ಶಿಯ ಮೇಲೆ ನಾಲ್ಕು ಹೆಜ್ಜೆ ನಡೆಯಲಿ, ಫೋನಿನಲ್ಲಿ ವಿಡಿಯೋ ಹಿಡಿದು ಹಾಕಲಿ. ಕಾಪಶಿ, ಕುರುಂದವಾಡಿ ಎಂದು ಬರೀ ಹೆಸರು ಹಾಕದೆ ಯಾವುದಕ್ಕೆ ಏನು ಗುರುತು ಎಂದು ಒಂದೊಂದು ಸಾಲು ಬರೆಯಲಿ. ಜಾಲಿಯ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಚರ್ಮ ಎಂಬುದೂ ಬರಲಿ. ಎಲ್ಲೋ ಕೂತು ಜೋಡಿಯೊಂದಕ್ಕೆ ಸಾವಿರಾರು ರೂಪಾಯಿ ಕೊಡುವವರು ಕೇಳುವ ಮೊದಲ ಪ್ರಶ್ನೆಯೇ ಅದು.

ಮೊದಲು ಕಂಡ ಆ ಬಿಳಿ ಪರದೆಯ ಕಾರಣವೂ ತಿಳಿಯಿತು. ಕ್ಯಾಮೆರಾದಿಂದ ಬಂದ ಫೋಟೋಗಳನ್ನು ಹಾಗೇ ಏರಿಸಿದ್ದಾರೆ, ಒಂದೊಂದೂ ಹಲವು ಎಂಬಿ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟುಕೊಂಡ ಅಳತೆ. ಫೋಟೋಗಳನ್ನು ಕುಗ್ಗಿಸುವುದು ಒಂದು ಮಧ್ಯಾಹ್ನದ ಕೆಲಸ.

*

ಕೊಲ್ಲಾಪುರ, ಉದ್ಯಮನಗರ

ಎರಕದ ಕಾರ್ಖಾನೆಗಳು, ಲೇತ್ ಅಂಗಡಿಗಳು. ಒಬ್ಬರು ಕೊಟ್ಟ ಕಾರ್ಡಿನಲ್ಲಿ ‘ಬಿಸಿನೆಸ್ ಡಾಟ್ ಸೈಟ್’ ಎಂದು ಮುಗಿಯುವ ವಿಳಾಸ. ಗೂಗಲ್ ಅಂಗಡಿಗಳಿಗೆ ಪುಕ್ಕಟೆ ಮಾಡಿಕೊಡುತ್ತಿದ್ದ ಪುಟಗಳು ಅವು. 2024ರ ಮಾರ್ಚ್‌ನಲ್ಲಿ ಎಲ್ಲವನ್ನೂ ಮುಚ್ಚಿತು. ಕಾರ್ಡು ಮಾತ್ರ ಇನ್ನೂ ಕೈಯಿಂದ ಕೈಗೆ ಹೋಗುತ್ತಿದೆ. ಪಕ್ಕದವರದು ಇನ್ನೊಂದು ಪಾಡು: ಡೊಮೇನ್ ಹೆಸರನ್ನು ವೆಬ್‌ಸೈಟ್ ಮಾಡಿಕೊಟ್ಟವನು ತನ್ನ ಇಮೇಲಿನಲ್ಲೇ ನೋಂದಾಯಿಸಿದ್ದ, ಅವನು ಊರು ಬಿಟ್ಟ, ನವೀಕರಣ ತಪ್ಪಿತು, ಪುಟ ಹೋಯಿತು. ಜಾಗ ಕೊಂಡರೆ ಉತಾರ ಯಾರ ಹೆಸರಿನಲ್ಲಿದೆ ಎಂದು ನಾಲ್ಕು ಸಲ ನೋಡುವ ಜನ ಇವರು. ಡೊಮೇನ್ ತಮ್ಮ ಹೆಸರು, ತಮ್ಮ ಇಮೇಲು, ತಮ್ಮ ಫೋನಿಗೆ ಬರುವ ಓಟಿಪಿಯಲ್ಲಿ ಇರಬೇಕು. ಮಾಡಿಕೊಡುವವನಿಗೆ ಕೆಲಸದ ಕೂಲಿ ಕೊಡಿ, ಒಡೆತನ ಕೊಡಬೇಡಿ.

*

ಇಚಲಕರಂಜಿ

1904ರಲ್ಲಿ ಇಲ್ಲಿ ಮೊದಲ ವಿದ್ಯುತ್ ಮಗ್ಗ ಕೂತಿತು. ಇಂದಿಗೂ ಓಣಿ ಓಣಿಯಲ್ಲಿ ಅದರದೇ ಸದ್ದು. ರಬಕವಿ, ಬನಹಟ್ಟಿ ಕಡೆಯ ನೇಕಾರ ಮನೆತನಗಳೊಡನೆ ಬೀಗತನ ಇರುವವರ ಮನೆಗಳಲ್ಲಿ ಕನ್ನಡವೇ ಮಾತು. ಬಟ್ಟೆ ವ್ಯಾಪಾರದ ಒಂದು ಗಾದಿಯಲ್ಲಿ ಕೂತಿದ್ದಾಗ ಅರ್ಧ ಗಂಟೆಯಲ್ಲಿ ಬಂದ ಕರೆಗಳೆಲ್ಲ ಒಂದೇ ತರಹದವು. ನೂಲಿನ ಕೌಂಟ್ ಎಷ್ಟು? ಇಂಚಿಗೆ ರೀಡ್-ಪಿಕ್ ಎಷ್ಟು? ಪನ್ನಾ, ಅಂದರೆ ಅಗಲ, ಎಷ್ಟು ಇಂಚು? ಮೀಟರಿಗೆ ಏನು ಬೀಳುತ್ತದೆ? ಮಾಲು ಯಾವಾಗ? ಮಾಲಕರು ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಸರಸರ ಉತ್ತರ ಕೊಟ್ಟರು.

ಅವರ ಪುಟದಲ್ಲಿ ಈ ಐದರಲ್ಲಿ ಒಂದಕ್ಕೂ ಉತ್ತರ ಇಲ್ಲ. ಕಂಪನಿಯ ಇತಿಹಾಸ ಇದೆ, ದೃಷ್ಟಿ ಇದೆ, ಗುರಿ ಇದೆ. ಇನ್ನೂ ಬಣ್ಣ ಹಾಕದ ಗ್ರೇ ಬಟ್ಟೆ ಕೊಳ್ಳುವವನಿಗೆ ಬೇಕಾದದ್ದು ಒಂದು ಕೋಷ್ಟಕ: ಪ್ರತಿ ನಮೂನೆಗೆ ಕೌಂಟು, ರೀಡು, ಪಿಕ್ಕು, ಪನ್ನಾ, ತಿಂಗಳಿಗೆ ಎಷ್ಟು ಮೀಟರ್ ಕೊಡಬಲ್ಲೆವು, ಕನಿಷ್ಠ ಆರ್ಡರ್ ಎಷ್ಟು. ಬಟ್ಟೆಯ ಫೋಟೋದಲ್ಲಿ ಪಕ್ಕಕ್ಕೆ ಒಂದು ಸ್ಕೇಲ್ ಇಟ್ಟರೆ ನೇಯ್ಗೆ ಎಷ್ಟು ದಟ್ಟ ಎಂದು ಕಾಣುತ್ತದೆ. “ಇದನ್ನೆಲ್ಲಾ ಹಾಕಿದ್ರ ಫೋನ್ ಯಾಕ ಮಾಡ್ತಾರ್ರೀ?” ಎಂದರು. ನಮೂನೆ ಇಷ್ಟವಾದವನೇ ಫೋನು ಮಾಡುತ್ತಾನೆ, ಬರೀ ವಿಚಾರಿಸುವವನು ಓದಿಕೊಂಡು ಹೋಗುತ್ತಾನೆ, ನಿಮ್ಮ ಹೊತ್ತು ಉಳಿಯುತ್ತದೆ ಎಂದೆ. ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಆದರೆ ಮಗನನ್ನು ಕರೆದು ಕೋಷ್ಟಕ ಬರೆಯಲು ಹೇಳಿದರು.

ಅಲ್ಲಿಂದ ಹತ್ತಿರದ ಒಂದು ಡಿಟಿಪಿ ಅಂಗಡಿ. ಜವಳಿ ಮಳಿಗೆಯೊಂದರ ಕನ್ನಡ ಜಾಹೀರಾತು ಸಿದ್ಧವಾಗುತ್ತಿತ್ತು. ಕನ್ನಡ ಇದೆಯಲ್ಲ ಎಂದು ಖುಷಿಯಾಯಿತು. ಹಳೆಯ ಫಾಂಟಿನಲ್ಲಿ ಟೈಪು ಮಾಡಿ, ಚಿತ್ರವಾಗಿ ಉಳಿಸಿ, ಅದೇ ಚಿತ್ರವನ್ನು ಪುಟಕ್ಕೂ ಫೇಸ್‌ಬುಕ್ಕಿಗೂ ಏರಿಸಿದರು. ಅಕ್ಷರಗಳನ್ನೇ ಎತ್ತಿ ಪುಟಕ್ಕೆ ಹಾಕಬಾರದೇ ಎಂದು ಕೇಳಿದೆ. ಹುಡುಗಿ ಹಾಕಿ ತೋರಿಸಿದಳು: ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಮುದ್ರಣಕ್ಕೆಂದು ಹುಟ್ಟಿದ ಆ ಫಾಂಟುಗಳಲ್ಲಿ ಕಾಣುವುದು ಕನ್ನಡ, ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಚಿತ್ರದೊಳಗಿನ ಕನ್ನಡವನ್ನು ಹುಡುಕು ಯಂತ್ರ ಓದಿಯೇ ಓದುತ್ತದೆಂಬ ಭರವಸೆ ಇಲ್ಲ, ಕಣ್ಣು ಕಾಣದವರ ಫೋನೂ ಅದನ್ನು ಸುಲಭವಾಗಿ ಓದಿ ಹೇಳಲಾರದು. ಯೂನಿಕೋಡಿನಲ್ಲಿ ಟೈಪು ಮಾಡಿದರೆ ಮುಗಿಯಿತು, ಅದಕ್ಕೆ ಹೊಸ ಯಂತ್ರ ಬೇಡ, ಫೋನಿನ ಕೀಲಿಮಣೆಯೇ ಸಾಕು. “ಹಂಗಾದ್ರ ಇಷ್ಟ್ ದಿನ ಕನ್ನಡ ಹಾಕಿದ್ದು ಯಾರಿಗೂ ಸಿಕ್ಕಿಲ್ಲೇನ್ರೀ ಸರ್?” ಎಂದಳು. ಮುಖ ಸಣ್ಣದಾಗಿತ್ತು. ಎದುರಿಗೆ ಬಂದವರು ಓದಿರುತ್ತಾರೆ, ಹುಡುಕಿದವರಿಗೆ ಸಿಕ್ಕಿರಲಿಕ್ಕಿಲ್ಲ ಎಂದೆ.

ಅದೇ ಮಳಿಗೆಯ ಫೇಸ್‌ಬುಕ್ ಜಾಹೀರಾತು ನೋಡಿಕೊಳ್ಳುವ ತರುಣ ತನ್ನ ಪರದೆ ತೋರಿಸಿದ. ಸ್ಥಳದ ಕಾಲಮಿನಲ್ಲಿ ‘ಮಹಾರಾಷ್ಟ್ರ’. ಅಂದರೆ ಜಾಹೀರಾತು ನೂರಾರು ಕಿಲೋಮೀಟರ್ ದೂರದ ನಾಗಪುರದಲ್ಲಿ ಕಾಣುತ್ತದೆ. ಮದುವೆಯ ಬಸ್ತಾಕ್ಕೆ, ಅಂದರೆ ಬಟ್ಟೆ ಖರೀದಿಗೆ, ಇಲ್ಲಿಗೇ ಬರುವ ಬೋರಗಾಂವ, ನಿಪ್ಪಾಣಿ, ಚಿಕ್ಕೋಡಿಯವರಿಗೆ ಕಾಣುವುದಿಲ್ಲ. ರಾಜ್ಯದ ಬದಲು ಅಂಗಡಿಯ ಮೇಲೆ ಪಿನ್ ಇಟ್ಟು ಸುತ್ತ ಇಷ್ಟು ಕಿಲೋಮೀಟರ್ ಎಂದು ಆರಿಸಬಹುದು. ಗೂಗಲ್ ಜಾಹೀರಾತಿನಲ್ಲೂ ಆ ಸೌಲಭ್ಯ ಇದೆ. ಗಡಿಯ ಊರಿಗೆ ವೃತ್ತವೇ ಸರಿ. ಅವನು ನನ್ನ ಎದುರಿಗೇ ಬದಲಿಸಿದ. ಇಷ್ಟು ಸುಲಭದ ವಿಷಯ ಇಷ್ಟು ಕಾಲ ಯಾರ ಗಮನಕ್ಕೂ ಬಾರದೆ ಹೇಗೆ ಉಳಿಯಿತು? ಪುಣೆ, ಮುಂಬೈಯ ಏಜೆನ್ಸಿಗಳಿಂದ ಕಲಿತ ಪಾಠದಲ್ಲಿ ನಿಪ್ಪಾಣಿ ಇರಲಿಲ್ಲ ಎಂದಷ್ಟೇ ಊಹಿಸಬಲ್ಲೆ.

*

ಮರಾಠಿ ಫಲಕದ ಕಾಯ್ದೆಗೆ ಹೆದರಿ ಕನ್ನಡ ಹಾಕಿಲ್ಲ ಎಂದು ಒಬ್ಬ ಅಂಗಡಿಕಾರರು ಹೇಳಿದರು. ಮಹಾರಾಷ್ಟ್ರದಲ್ಲಿ ಅಂಗಡಿಯ ಬೋರ್ಡು ದೇವನಾಗರಿ ಲಿಪಿಯ ಮರಾಠಿಯಲ್ಲಿರಬೇಕು ಎಂಬುದು 2022ರ ತಿದ್ದುಪಡಿಯಿಂದ ಚಿಕ್ಕ ಅಂಗಡಿಗಳಿಗೂ ಕಡ್ಡಾಯ. ನೆಲದ ಭಾಷೆಗೆ ಆ ಮರ್ಯಾದೆ ಸಲ್ಲಲೇಬೇಕು. ಆದರೆ ಮರಾಠಿಯ ಜೊತೆಗೆ ಇನ್ನೊಂದು ಭಾಷೆ ಇರಬಾರದು ಎಂದು ಆ ಕಾಯ್ದೆ ಹೇಳುವುದಿಲ್ಲ, ಮರಾಠಿ ಅಕ್ಷರ ಬೇರೆಯದಕ್ಕಿಂತ ಚಿಕ್ಕದಾಗಬಾರದು ಎನ್ನುತ್ತದೆ. ಅದು ಹೇಳುವುದೂ ಬೋರ್ಡಿನ ಮಾತು. ವೆಬ್‌ಪುಟದಲ್ಲಿ ಮರಾಠಿ ಮೊದಲು, ಕನ್ನಡ ಎರಡನೆಯದು, ಇಂಗ್ಲಿಷ್ ಮೂರನೆಯದು ಎಂದಿಟ್ಟರೆ ಬೇಡವೆನ್ನುವವರು ಯಾರು?

ಗಿರಾಕಿಗಳು ಗೂಗಲ್‌ನಲ್ಲಿ ಬರೆಯುವ ವಿಮರ್ಶೆಗಳ ಬಗ್ಗೆಯೂ ಒಂದೆರಡು ಸಾಲು ಬರೆದಿಡುತ್ತೇನೆ. ‘ಐದು ಸ್ಟಾರ್ ಕೊಡಿ, ರಿಯಾಯಿತಿ ಪಡೆಯಿರಿ’ ಎಂಬ ಚೀಟಿಗಳನ್ನು ನೋಡಿದೆ. ಗೂಗಲ್ ನಿಯಮದಲ್ಲಿ ಅದು ನಿಷಿದ್ಧ. ಗಿರಾಕಿ ಕನ್ನಡದಲ್ಲಿ ಬರೆದ ದೂರಿಗೆ ಕನ್ನಡದಲ್ಲೇ ನಾಲ್ಕು ಮಾತು ಉತ್ತರ ಬರೆದರೆ ಅದನ್ನು ಹತ್ತು ಜನ ಓದುತ್ತಾರೆ.

*

ಗಡಹಿಂಗ್ಲಜ

ಹಿರಣ್ಯಕೇಶಿ ನದಿಯ ದಂಡೆಯ ಊರು. ಸಂಕೇಶ್ವರಿ ಮೆಣಸಿನಕಾಯಿಗೂ ಬೆಲ್ಲಕ್ಕೂ ಹೆಸರಾದ ಪೇಟೆ. ಹುಕ್ಕೇರಿ ಕಡೆಯಿಂದ ಬಂದ ಹಿರಿಯರೊಬ್ಬರು ಬಸ್ ಸ್ಟ್ಯಾಂಡಿನಲ್ಲಿ ಫೋನನ್ನು ಬಾಯಿಯ ಹತ್ತಿರ ಹಿಡಿದು ಕೇಳುತ್ತಿದ್ದರು: “ಗಡಿಂಗ್ಲಜದಾಗ ಜವಾರಿ ಮೆಣಸಿನಕಾಯಿ ಅಂಗಡಿ ಎಲ್ಲೈತಿ?” ಫೋನು ಅವರ ಮಾತನ್ನು ತಪ್ಪಿಲ್ಲದೆ ಕನ್ನಡದಲ್ಲಿ ಬರೆದುಕೊಂಡಿತು. ತೋರಿಸಿದ್ದು ಬ್ಯಾಡಗಿಯ ಸುದ್ದಿ, ಬೆಂಗಳೂರಿನ ಒಂದು ಅಂಗಡಿ. ಅವರು ಬೇಕೆಂದ ಅಂಗಡಿ ರಸ್ತೆ ದಾಟಿದರೆ ಇತ್ತು. ಫೋನಿಗೆ ಗೊತ್ತಿಲ್ಲದ್ದನ್ನು ಚಹಾದಂಗಡಿಯವನು ಹೇಳಿದ.

ಅವರ ಹಿಂದೆಯೇ ಆ ಅಂಗಡಿಗೆ ಹೋದೆ. ತಂದೆ ತಕ್ಕಡಿಯ ಹತ್ತಿರ, ಮಗ ಲ್ಯಾಪ್‌ಟಾಪಿನ ಮುಂದೆ. ಅಂಗಡಿ ಗೂಗಲ್ ನಕಾಶೆಯಲ್ಲಿ ಇದೆ, ಇಂಗ್ಲಿಷಿನ ಹೆಸರೊಂದೇ, ಬಗೆ ‘ಅಂಗಡಿ’ ಎಂದಷ್ಟೇ, ವೇಳೆ ಇಲ್ಲ, ಫೋಟೋ ಯಾರೋ ಗಿರಾಕಿ ಹಾಕಿದ ಮುಚ್ಚಿದ ಶಟರ್‌ನದು. ಮಗನಿಗೆ ಆಸೆ ದೊಡ್ಡದು: ಮೆಣಸಿನಪುಡಿ ಪ್ಯಾಕ್ ಮಾಡಿ ಬೆಳಗಾವಿ, ಹುಬ್ಬಳ್ಳಿಗೆ ಆನ್‌ಲೈನಿನಲ್ಲಿ ಮಾರಬೇಕು. ಇಲ್ಲಿ ಗಡಿ ಅಡ್ಡ ಬರುತ್ತದೆ. 2023ರ ಅಕ್ಟೋಬರ್ 1ರಿಂದ ಸಣ್ಣ ವ್ಯಾಪಾರಿಗಳು ಜಿಎಸ್‌ಟಿ ನೋಂದಣಿ ಇಲ್ಲದೆಯೂ ಆನ್‌ಲೈನ್ ಮಾರುಕಟ್ಟೆಗಳಲ್ಲಿ ಮಾರಬಹುದು, ಆದರೆ ತಮ್ಮ ರಾಜ್ಯದೊಳಗೆ ಮಾತ್ರ. ಕಾಂಪೊಸಿಷನ್ ಯೋಜನೆಯಲ್ಲಿರುವವರೂ ರಾಜ್ಯದ ಹೊರಗೆ ಸರಕು ಮಾರುವಂತಿಲ್ಲ. ಹೀಗಾಗಿ ನೋಂದಣಿ ಇಲ್ಲದ ಗಡಹಿಂಗ್ಲಜದ ಅಂಗಡಿ ಮಹಾರಾಷ್ಟ್ರದ ಇನ್ನೊಂದು ತುದಿಯ ಗೋಂದಿಯಾಕ್ಕೆ ಪುಡಿ ಕಳಿಸಬಹುದು, ಗಡಿಯಾಚೆ ಪಕ್ಕದಲ್ಲೇ ಇರುವ ಸಂಕೇಶ್ವರಕ್ಕೆ ಕಳಿಸುವಂತಿಲ್ಲ. ಸಂಕೇಶ್ವರದವರೇ ಬಂದು ಕೊಂಡು ಚೀಲದಲ್ಲಿ ಒಯ್ದರೆ ಯಾವ ತೊಡಕೂ ಇಲ್ಲ. ತಿನ್ನುವ ಪದಾರ್ಥವಾದ್ದರಿಂದ ಆಹಾರ ಸುರಕ್ಷತಾ ಪರವಾನಗಿಯ ಸಂಖ್ಯೆಯೂ ಬೇಕು.

ಇದನ್ನು ಕೇಳಿ ಮಗ ಸಪ್ಪಗಾದ. ನನಗೆ ಹಾಗನ್ನಿಸಲಿಲ್ಲ. ಮಾಲು ಗಡಿ ದಾಟಿಸುವ ನೋಂದಣಿ ಆಗುವವರೆಗೆ ಪುಟ ಗಿರಾಕಿಯನ್ನು ಗಡಿ ದಾಟಿಸಲಿ. ಅದಕ್ಕೆ ಕಾಸು ಖರ್ಚಿಲ್ಲ. ಇಬ್ಬರೂ ಕೂತು ಗೂಗಲ್ ಪ್ರೊಫೈಲ್ ತೆರೆದೆವು. ಬಗೆಯನ್ನು ಮಸಾಲೆ ಅಂಗಡಿ ಎಂದು ಬದಲಿಸಿದೆವು. ವೇಳೆ, ವಾರದ ರಜೆ ಹಾಕಿದೆವು. ಬೆಳಿಗ್ಗೆ ಶಟರ್ ತೆರೆದಾಗ ಚೀಲಗಳು ಕಾಣುವ ಹಾಗೆ ಫೋಟೋ ಹಿಡಿಯಲು ಹೇಳಿದೆ. ವಿವರಣೆಯನ್ನು ಮೊದಲು ಮರಾಠಿಯಲ್ಲಿ ಅವನೇ ಬರೆದ. ಕನ್ನಡದ್ದನ್ನು ಏನು ಬರೆಯುವುದೆಂದು ತೋಚದೆ ಇಂಗ್ಲಿಷಿನಿಂದ ಯಂತ್ರಾನುವಾದ ಮಾಡಿಸಲು ಹೊರಟಿದ್ದ. ತಂದೆ ತಕ್ಕಡಿಯಿಂದಲೇ ಹೇಳಿದರು: “ಕಾಕಾಗ ಈಗ ಏನ್ ಹೇಳಿದ್ನೆಲ್ಲ, ಅದನ್ನ ಬರಿ.”

ಬರೆದದ್ದು ಹೀಗೆ: ‘ಗಡಹಿಂಗ್ಲಜ (ಗಡಿಂಗ್ಲಜ) ಬಸ್ ಸ್ಟ್ಯಾಂಡಿನ ಎದುರು. ಸಂಕೇಶ್ವರಿ ಜವಾರಿ ಮೆಣಸಿನಕಾಯಿ, ಬ್ಯಾಡಗಿ, ಬೆಲ್ಲ, ಶೇಂಗಾ. ತೊಟ್ಟು ತೆಗೆದದ್ದೂ ಸಿಗುತ್ತದೆ. ಕುಟ್ಟಿಸಿ ಕೊಡುತ್ತೇವೆ, ಎದುರಿಗೇ ನಿಂತು ನೋಡಬಹುದು. ಬರುವ ಮುಂಚೆ ಫೋನ್ ಮಾಡಿ, ಕನ್ನಡದಲ್ಲಿ ಮಾತಾಡುತ್ತೇವೆ.’

ದರ ಹಾಕುವ ವಿಷಯದಲ್ಲಿ ಮಾತ್ರ ತಂದೆ-ಮಗನಿಗೆ ಹೊಂದಲಿಲ್ಲ. ಮೆಣಸಿನಕಾಯಿಯ ದರ ಸವಾಲಿನಿಂದ ಸವಾಲಿಗೆ ಏರಿಳಿಯುತ್ತದೆ, ಹಳೆಯ ದರ ನೋಡಿ ಬಂದವರು ಜಗಳ ತೆಗೆಯುತ್ತಾರೆ ಎಂದು ತಂದೆ. ದರ ಇಲ್ಲದ ಪುಟ ಯಾರು ನೋಡುತ್ತಾರೆ ಎಂದು ಮಗ. ಇಬ್ಬರ ಮಾತೂ ಖರೆ. ದರದ ಪಕ್ಕದಲ್ಲಿ ತಾರೀಕು ಹಾಕಿ, ವಾಟ್ಸಾಪ್ ಸ್ಟೇಟಸ್‌ನಲ್ಲಿ ಮಾತ್ರ ಇಡಿ, ಅದು ಮರುದಿನ ತಾನಾಗಿ ಅಳಿಯುತ್ತದೆ ಎಂದೆ. ತಂದೆ ಇನ್ನೂ ಯೋಚಿಸುತ್ತಿದ್ದಾರೆ.