ವಸತಿಗೃಹದಲ್ಲಿ ಕಜ್ಜಿ

ಹಲವು ವರ್ಷಗಳ ಹಿಂದೆ ನಾನು ವಸತಿಗೃಹದ ಮೇಲ್ವಿಚಾರಕಿಯಾಗಿದ್ದಾಗ, ಅಲ್ಲಿಯ ಚಿಕ್ಕ ಬಾಲಕಿಯೊಬ್ಬಳು ರಾತ್ರಿಯೆಲ್ಲ ನಿದ್ರೆಯಿಲ್ಲದೆ ಮೈ ಕೆರೆದುಕೊಳ್ಳುತ್ತಿದ್ದಳು. ಬೆರಳ ಸಂದುಗಳಲ್ಲಿಯೂ ಮಣಿಕಟ್ಟಿನಲ್ಲಿಯೂ ಸೊಂಟದ ಸುತ್ತಲೂ ಸಣ್ಣ ಗುಳ್ಳೆಗಳೆದ್ದಿದ್ದವು. ಇದು ಕೊಳೆಯ ಫಲವೆಂದೇ ಬಗೆದು, ದಿನಕ್ಕೆರಡು ಸಾರಿ ಸಾಬೂನು ಹಚ್ಚಿ ಮೀಯಬೇಕೆಂದು ಆಜ್ಞಾಪಿಸಿ, ಊಟದ ಪಂಕ್ತಿಯ ಕೊನೆಯಲ್ಲಿ ಅವಳೊಬ್ಬಳನ್ನೇ ಕುಳ್ಳಿರಿಸಿದೆನು. “ಟೀಚರ್, ನಾನು ದಿನವೂ ಮೀಯುತ್ತೇನೆ” ಎಂದು ಆಕೆ ಹೇಳಿದುದನ್ನು ನಾನು ಕಿವಿಯಲ್ಲಿ ಹಾಕಿಕೊಳ್ಳಲಿಲ್ಲ.

ಎರಡು ತಿಂಗಳು ಕಳೆಯುವಷ್ಟರಲ್ಲಿ ಅದೇ ಕೋಣೆಯ ಎಂಟು ಮಂದಿ ಕೆರೆದುಕೊಳ್ಳತೊಡಗಿದರು. ದಿನವೂ ಚಿಕ್ಕವರಿಗೆ ಜಡೆ ಹೆಣೆಯುತ್ತಿದ್ದ ನನ್ನ ಕೈಗಳಲ್ಲಿಯೂ ಗುಳ್ಳೆಗಳೆದ್ದವು! ವೈದ್ಯೆಯವರು ನೋಡಿ, “ಇದು ಕಜ್ಜಿ. ಹುಳುವಿನಿಂದ ಬರುವುದು, ಎಷ್ಟು ಶುಚಿಯಾಗಿದ್ದವರಿಗೂ ತಗಲುವುದು” ಎಂದರು.

ಅರ್ಧ ಮಿಲಿಮೀಟರಿಗಿಂತ ಚಿಕ್ಕದಾದ ಹೆಣ್ಣು ಹುಳು ಚರ್ಮದ ಮೇಲ್ಪದರವನ್ನು ಕೊರೆದು ಮೊಟ್ಟೆಯಿಡುವುದಂತೆ. ಇಟಲಿಯ ಬೊನೋಮೊ ಎಂಬ ವೈದ್ಯನು 1687ರಲ್ಲಿಯೇ ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಬರೆದಿದ್ದನು. ನನಗೆ ತಿಳಿಯಲು ಮೂರು ಶತಮಾನಗಳು ಸಾಲಲಿಲ್ಲ. ಮೊದಲ ಸಲ ತಗಲಿದವರಿಗೆ ತುರಿಕೆಯು 4ರಿಂದ 6 ವಾರಗಳ ಮೇಲೆ ತೋರುವುದು. ಅಷ್ಟರೊಳಗೆ ಇತರರಿಗೆ ಅಂಟಿರುವುದು. ಆದುದರಿಂದ ಆ ಬಾಲಕಿಯೇ ತಂದಳೆನ್ನಲು ಆಧಾರವೂ ಇರಲಿಲ್ಲ.

ತುರಿಕೆಯುಳ್ಳವರು, ಇಲ್ಲದವರು ಎಂದೆಣಿಸದೆ ಕೋಣೆಯವರೆಲ್ಲರೂ ಒಂದೇ ಸಂಜೆ ಶೇಕಡಾ 5ರ ಪರ್ಮೆಥ್ರಿನ್ ಮುಲಾಮನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನಡಿಯನ್ನೂ ಬಿಡದೆ ಹಚ್ಚಿಕೊಂಡು ಮಲಗಿ, ಬೆಳಿಗ್ಗೆ ಮಿಂದೆವು. ವಾರದ ಬಳಿಕ ಮತ್ತೊಮ್ಮೆ. ಬಟ್ಟೆ ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆದೆವು. ಒಗೆಯಲಾರದ ಕಂಬಳಿಗಳನ್ನು ಚೀಲದಲ್ಲಿ ಬಿಗಿದು ಒಂದು ವಾರ ಇಟ್ಟೆವು; ಮನುಷ್ಯನ ಮೈ ಬಿಟ್ಟರೆ ಹುಳು ಎರಡು ಮೂರು ದಿನಗಳಿಗಿಂತ ಹೆಚ್ಚು ಬದುಕದು. ಹುಳು ಸತ್ತ ಮೇಲೂ ಕೆಲವು ವಾರ ತುರಿಕೆಯಿರುವುದು. ಇದನ್ನರಿಯದೆ ದಿನವೂ ಮುಲಾಮು ಬಳಿದುಕೊಳ್ಳಹೊರಟವರನ್ನು ತಡೆಯುವುದೇ ನನಗೆ ದೊಡ್ಡ ಕೆಲಸವಾಯಿತು.

ತಾಯಂದಿರಿಗೊಂದು ಮಾತು: ಉಂಗುರದಂತೆ ಹರಡುವ ಹುಳುಕಡ್ಡಿಯು ಬೇರೆ ರೋಗ. ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಮುಲಾಮಿನಿಂದ ಅದರ ತುರಿಕೆ ಅಡಗೀತು, ರೋಗವು ಮಾತ್ರ ಹರಡುತ್ತಲೇ ಹೋಗುವುದು. ಗುಳ್ಳೆಗಳಲ್ಲಿ ಕೀವು ತುಂಬಿದರೆ ತಡಮಾಡದೆ ವೈದ್ಯರಿಗೆ ತೋರಿಸಿರಿ.

ಆ ರಾತ್ರಿ ನಾನು ನನ್ನ ತಟ್ಟೆಯನ್ನೆತ್ತಿಕೊಂಡು ಪಂಕ್ತಿಯ ಕೊನೆಗೆ ಹೋಗಿ, ಆ ಬಾಲಕಿಯ ಬದಿಯಲ್ಲಿ ಕುಳಿತು ಕ್ಷಮೆ ಬೇಡಿದೆನು. ಆಕೆ ನನ್ನ ಕೈಗಳನ್ನು ನೋಡಿ, “ಟೀಚರ್, ನಿಮಗೂ ರಾತ್ರಿ ನಿದ್ರೆ ಬರುವುದಿಲ್ಲವೇ?” ಎಂದು ಕೇಳಿದಳು.