ಮಕ್ಕಳ ದಿನಕ್ಕೊಂದು ಕ್ರಾಸಿಂಗ್

ನಮ್ಮ ಇನ್ನಂಜೆ ನಿಲ್ದಾಣದಲ್ಲಿ ಕೆಲವೊಮ್ಮೆ ದೊಡ್ಡ ರೈಲೊಂದು ಬಂದು ಸುಮ್ಮನೆ ನಿಲ್ಲುತ್ತದೆ. ಹತ್ತುವವರೂ ಇಲ್ಲ, ಇಳಿಯುವವರೂ ಇಲ್ಲ. ಕಿಟಕಿ ಬದಿಯವರು ಗೊಣಗುತ್ತಿರುವಾಗಲೇ ಎದುರಿನಿಂದ ಇನ್ನೊಂದು ರೈಲು ಪಕ್ಕದ ಹಳಿಯಲ್ಲಿ ಹಾದುಹೋಗುತ್ತದೆ. ನಿಂತದ್ದು ಹೊರಡುತ್ತದೆ.

ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು 740 ಕಿ.ಮೀ. ಉದ್ದದ ಕೊಂಕಣ ರೈಲುಮಾರ್ಗ 1998ರ ಜನವರಿಯಲ್ಲಿ ಪೂರ್ಣವಾಗಿ ತೆರೆಯಿತು. ರೋಹಾ–ವೀರ್ ನಡುವಿನ ಸುಮಾರು 46 ಕಿ.ಮೀ. 2021ರಲ್ಲಿ ಜೋಡಿಹಳಿಯಾಯಿತು; ಉಳಿದ ಬಹುಭಾಗ ಒಂಟಿ ಹಳಿ. ಎದುರುಬದುರಾದ ರೈಲುಗಳು ಒಂದನ್ನೊಂದು ದಾಟಬೇಕಾದರೆ ಹೆಚ್ಚುವರಿ ಹಳಿಯಿರುವ ನಿಲ್ದಾಣವೇ ಬೇಕು. ಹಿಂದೆ ಬರಿಯ ಹಾಲ್ಟ್ ಆಗಿದ್ದ ಇನ್ನಂಜೆ, ಉತ್ತರ ಕನ್ನಡದ ಮಿರ್ಜಾನದ ಹಾಗೆ, ಈಚಿನ ವರ್ಷಗಳಲ್ಲಿ ಕ್ರಾಸಿಂಗ್ ನಿಲ್ದಾಣವಾದದ್ದು ಇದಕ್ಕಾಗಿಯೇ.

ಇದರ ಲೆಕ್ಕವನ್ನು ನಾನು ತರಗತಿಯಲ್ಲಿ ಮಾಡಿಸುವುದುಂಟು. ಎರಡು ನಿಲ್ದಾಣಗಳ ನಡುವಿನ ಓಟಕ್ಕೆ 20 ನಿಮಿಷ, ಸಿಗ್ನಲ್ ಇತ್ಯಾದಿಗೆ 5 ನಿಮಿಷ ಎಂದುಕೊಳ್ಳೋಣ. ದಿನದ 1440 ನಿಮಿಷಗಳನ್ನು 25ರಿಂದ ಭಾಗಿಸಿದರೆ 57 ರೈಲು. ಸರಿಯಾಗಿ ಮಧ್ಯದಲ್ಲೊಂದು ಕ್ರಾಸಿಂಗ್ ಬಂದರೆ ಓಟ 10 ನಿಮಿಷಕ್ಕಿಳಿಯುತ್ತದೆ, 96 ರೈಲು ಓಡಬಹುದು. ಆದರೆ ಮುಂದೆಲ್ಲೋ 20 ನಿಮಿಷದ ಇನ್ನೊಂದು ತುಣುಕು ಉಳಿದಿದ್ದರೆ ಇಡೀ ಮಾರ್ಗದ ಸಾಮರ್ಥ್ಯ ಮತ್ತೆ 57ಕ್ಕೇ ನಿಲ್ಲುತ್ತದೆ. ಎಲ್ಲಿ ಹೆಚ್ಚು ಹೊತ್ತು ತಗಲುತ್ತದೋ ಆ ಜಾಗವೇ ಯಜಮಾನ.

ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ರೈಲ್ವೆಯವರ ಸ್ಕಾಟ್ ಸೂತ್ರದಲ್ಲಿ ಬಂದ ಉತ್ತರವನ್ನು ಸಾಮಾನ್ಯವಾಗಿ 0.7ರಿಂದ ಗುಣಿಸುತ್ತಾರೆ. 57 ಆಗ 40 ಆಗುತ್ತದೆ. ಉಳಿದ ಹೊತ್ತು ಹಳಿಯ ದುರಸ್ತಿಗೆ, ತಡವಾದ ರೈಲಿಗೆ, ಅನಿರೀಕ್ಷಿತಕ್ಕೆ. ಒಂದು ನಿಮಿಷವನ್ನೂ ಬಿಡದೆ ತುಂಬಿದರೆ ಬೆಳಗ್ಗೆ ತಡವಾದ ಒಂದೇ ರೈಲು ರಾತ್ರಿಯವರೆಗಿನ ಎಲ್ಲವನ್ನೂ ತಡಮಾಡೀತು. ನಮ್ಮ ಕರಾವಳಿಯ ಮಳೆಗೆ ಹೆದರಿ ಕೊಂಕಣ ರೈಲ್ವೆ ಮಳೆಗಾಲಕ್ಕೆಂದೇ ವೇಗ ತಗ್ಗಿಸಿದ ಬೇರೆ ವೇಳಾಪಟ್ಟಿ ಇಟ್ಟುಕೊಂಡಿದೆ.

ಕೆಲವು ತಂದೆತಾಯಂದಿರು ಮಕ್ಕಳಿಗೆ ಬರೆದುಕೊಡುವ ವೇಳಾಪಟ್ಟಿಯಲ್ಲಿ ಈ 0.7 ಕಾಣುವುದಿಲ್ಲ. ಬೆಳಗ್ಗೆ ಐದಕ್ಕೆ ಓದು, ಆರಕ್ಕೆ ಟ್ಯೂಷನ್, ಶಾಲೆ, ಮತ್ತೆ ಟ್ಯೂಷನ್, ರಾತ್ರಿ ಹನ್ನೊಂದರವರೆಗೆ ಅಭ್ಯಾಸ. ಎರಡು ದಿನ ಜ್ವರ ಬಂದರೆ ಹಿಂದುಳಿದ ಪಾಠಕ್ಕೆ ಜಾಗವೇ ಇಲ್ಲ. ನಿದ್ದೆಯನ್ನು ಕತ್ತರಿಸಿ ಅದನ್ನು ತುಂಬುತ್ತಾರೆ. ಮೊದಲ ಪೀರಿಯಡ್ಡಿನಲ್ಲೇ ತೂಕಡಿಸುವ ಮಕ್ಕಳನ್ನು ನಾನು ದಿನವೂ ನೋಡುತ್ತೇನೆ.

ನನ್ನ ಹತ್ತನೆಯ ತರಗತಿಯ ಹುಡುಗನೊಬ್ಬನಿಗೆ ಭೌತಶಾಸ್ತ್ರ ಹಿಡಿಯುತ್ತಿರಲಿಲ್ಲ. ಮನೆಯವರು ಎರಡನೆಯ ಟ್ಯೂಷನ್ನಿಗೆ ಹಾಕಿದರು, ಅಂಕ ಏರಲಿಲ್ಲ. ಕೂರಿಸಿ ಕೇಳಿದೆ: ಅವನಿಗೆ ಓಮನ ನಿಯಮ ಬಾಯಿಪಾಠವಿತ್ತು, ಭಿನ್ನರಾಶಿ ಭಾಗಿಸಲು ಬರುತ್ತಿರಲಿಲ್ಲ. ಅವನ ನಿಧಾನದ ತುಣುಕು ಅಲ್ಲಿತ್ತು. ಮೂರು ವಾರ ಭಿನ್ನರಾಶಿಯನ್ನೇ ಮಾಡಿಸಿದೆವು. ಒಂದು ಟ್ಯೂಷನ್ ಬಿಡಿಸಲು ತಂದೆಯನ್ನು ಒಪ್ಪಿಸುವುದೇ ಅದಕ್ಕಿಂತ ಕಷ್ಟವಾಯಿತು.

ಪರೀಕ್ಷೆಯ ದಿನಗಳು ಹತ್ತಿರವಾದಾಗ ಹೆತ್ತವರು ಎರಡೇ ಪ್ರಶ್ನೆ ಕೇಳಿಕೊಂಡರೆ ಸಾಕು. ನಮ್ಮ ಮಗು ಎಲ್ಲಿ ತಡೆಯುತ್ತಿದೆ? ಅದರ ದಿನದಲ್ಲಿ ಬರಿದಾಗಿ ಉಳಿದ ಒಂದು ಗಂಟೆಯಾದರೂ ಇದೆಯೇ?