ಓಲೆಯ ಕಲ್ಲು ಯಾವ ಊರಿನದು?

ಕಾಫಿಗೆ ಒಳ್ಳೆ ದರ ಬಂತೆಂದರೆ ಸಕಲೇಶಪುರ, ಆಲೂರು ಕಡೆ ಮಾತು ತೋಟದಲ್ಲಿ ಶುರುವಾಗಿ ಮಗಳ ಮದುವೆಗೆ ಬರುತ್ತದೆ, ಅಲ್ಲಿಂದ ಒಡವೆಗೆ. ನಡುವೆ ಮಳೆ, ಆನೆ, ಆಳುಗಳ ಕೊರತೆ ಎಲ್ಲವೂ ಬಂದು ಹೋಗುತ್ತವೆ ಅನ್ನಿ.

ಈಗ ಯುರೋಪಿನವರ ಕಾಯ್ದೆಯೂ ಸೇರಿಕೊಂಡಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿ ಬೇಡ, ಬೆಳೆದ ಜಾಗವನ್ನು ನಕ್ಷೆಯಲ್ಲಿ ತೋರಿಸಿ ಎಂದು 2023ರಲ್ಲಿ ಮಾಡಿದ್ದು. ಜಾರಿ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಯಿತು. ಆದರೂ ಎರಡೆಕರೆಯವರು ಕೂಡ ಪಹಣಿ ಹುಡುಕಿ, ಮೊಬೈಲ್ ಹಿಡಿದು ಬೇಲಿ ಸುತ್ತುತ್ತಾರೆ. ಸಿಲ್ವರ್ ಓಕ್ ನೆರಳಲ್ಲಿ ಸಿಗ್ನಲ್ ಹೋದರೆ ಮತ್ತೆ ಮೊದಲ ಕಲ್ಲುಕಂಬದಿಂದ. ಕಾಫಿಯ ಊರು ಕೇಳುವುದು ನ್ಯಾಯವೇ ಸರಿ. ಹಾಗಿದ್ದರೆ ಓಲೆಯ ಕಲ್ಲಿನ ಊರನ್ನೂ ಕೇಳಬೇಡವೇ?

ಅಜ್ಜಿಯರ ಏಳು ಕಲ್ಲಿನ ಓಲೆಗೆ ಊರಿತ್ತು ನೋಡಿ. 'ಬ್ಲೂ ಜಾಗರ್' ಎಂದು ಹೆಮ್ಮೆಯಿಂದ ಹೇಳುತ್ತಿದ್ದರಲ್ಲ, ಅದು ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೇನ್ ಗಣಿ. ಅಲ್ಲಿ ಅಗೆದವರ ಪಾಡೇನೆಂದು ಆಗ ಯಾರೂ ಕೇಳಲಿಲ್ಲ, ಆ ಮಾತು ಬೇರೆ. ಜಗತ್ತು ಕೇಳತೊಡಗಿದ್ದು ಸಿಯೆರಾ ಲಿಯೋನ್ ಉರಿದಾಗ. 1991ರಿಂದ 2002ರವರೆಗೆ ಅಲ್ಲಿ ಯುದ್ಧ. ಬಂಡುಕೋರರು ವಜ್ರ ಮಾರಿ ಬಂದೂಕು ಕೊಂಡರು, ಹಳ್ಳಿಯವರ ಕೈ ಕಡಿದರು. 2000ದಲ್ಲಿ ದಕ್ಷಿಣ ಆಫ್ರಿಕಾದ ಕಿಂಬರ್ಲಿ ಊರಲ್ಲಿ ಸಭೆ ನಡೆದು, 2003ರಿಂದ ಕಚ್ಚಾ ವಜ್ರದ ಪೆಟ್ಟಿಗೆಗೆ ಸರ್ಕಾರದ ಪ್ರಮಾಣಪತ್ರ ಬಂತು.

ಒಳ್ಳೆಯದೇ ಆಯಿತು, ಆದರೆ ಸಾಲದು. ಆ ಪತ್ರ ತಡೆಯುವುದು ಬಂಡುಕೋರರ ವಜ್ರವನ್ನು ಮಾತ್ರ. 2008ರಲ್ಲಿ ಜಿಂಬಾಬ್ವೆಯ ಮರಾಂಗೆಯಲ್ಲಿ ಸರ್ಕಾರದ ಸೈನಿಕರೇ ವಜ್ರ ಅಗೆಯುವವರನ್ನು ಕೊಂದರು. ಅದು ಆ ಪತ್ರದ ವ್ಯಾಪ್ತಿಯೊಳಗೆ ಬರುವುದೇ ಇಲ್ಲ! ಇನ್ನು ಸೂರತ್ತಿಗೆ ಬಂದ ಕಲ್ಲು ಸೀಳಿ, ಉಜ್ಜಿ, ಬೇರೆ ಕಲ್ಲುಗಳ ಜೊತೆ ಬೆರೆತ ಮೇಲೆ ಅದರ ಊರು ಹೇಳುವವರು ಯಾರು? ಪ್ರಮಾಣಪತ್ರ ಕಚ್ಚಾ ಕಲ್ಲಿನದು. ಪಾಲಿಶ್ ಆದದ್ದಕ್ಕೆ ಮಾರಿದವರು ಬಿಲ್ಲಿನಲ್ಲಿ ಬರೆದ ಭರವಸೆಯ ಸಾಲೇ ಗತಿ.

ಅಂಗಡಿಯವರು ಕೊಡುವ ಕಾರ್ಡಿನಲ್ಲಿ ತೂಕ, ಬಣ್ಣ, ಸ್ವಚ್ಛತೆ, ಕಟಿಂಗ್ ಇರುತ್ತವೆ. ಗಣಿಯ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಚಿನ್ನದ ಹಾಲ್‌ಮಾರ್ಕ್ ಕೂಡ ಹೇಳುವುದು ಶುದ್ಧತೆಯನ್ನು, ಗಣಿಯನ್ನಲ್ಲ. ವೇಸ್ಟೇಜಿಗೆ ಅರ್ಧ ಗಂಟೆ ಚೌಕಾಸಿ ಮಾಡುವ ನಾವು, 'ಇದು ಎಲ್ಲಿಯ ಕಲ್ಲು ಸ್ವಾಮಿ, ಬಿಲ್ಲಿನಲ್ಲಿ ಬರೆದು ಕೊಡಿ' ಅಂದರೆ ತಪ್ಪೇನು? ನಾಲ್ಕು ಮದುವೆಮನೆಯವರು ಕೇಳಿದರೆ ಐದನೆಯವರಿಗೆ ಉತ್ತರ ಸಿದ್ಧವಿರುತ್ತದೆ.

ನನ್ನನ್ನು ಕೇಳಿದರೆ ಅಜ್ಜಿಯ ಓಲೆಯ ಕಲ್ಲು ಬಿಡಿಸಿ ಮೊಮ್ಮಗಳಿಗೆ ಕಟ್ಟಿಸುವುದೇ ಲೇಸು. ಹೊಸದೇ ಬೇಕೆಂದರೆ ಹೆಣ್ಣುಮಕ್ಕಳು ಪ್ರಯೋಗಾಲಯದ ವಜ್ರ ಸಾಕು ಅನ್ನುತ್ತಿದ್ದಾರೆ, 'ಅದೂ ವಜ್ರವೇ?' ಎಂದು ಅತ್ತೆಯರು ಮೂಗು ಮುರಿಯುತ್ತಾರೆ. ವಜ್ರವೇ ಅತ್ತೆ, ಅದೇ ಇಂಗಾಲ, ಅಷ್ಟೇ ಗಟ್ಟಿ.